ತರಗತಿಯ ಬುದ್ಧಿಪರೀಕ್ಷೆ: ಜಾಣನಾರು, ದಡ್ಡನಾರು?

ಪಾಠಶಾಲೆಗಳಲ್ಲಿ ವರ್ಷಕ್ಕೆ ಎರಡು ಮೂರು ಬಾರಿ ನಡೆಯುವ ಪರೀಕ್ಷೆಗಳನ್ನು ನಾವೆಲ್ಲರೂ ಬಲ್ಲೆವು. ಅವುಗಳಿಗೆ ಗೊತ್ತಾದ ದಿನವುಂಟು, ಪ್ರಶ್ನಪತ್ರಿಕೆಯುಂಟು, ಅಂಕಪಟ್ಟಿಯುಂಟು. ಇವುಗಳಲ್ಲದೆ ಇನ್ನೊಂದು ಪರೀಕ್ಷೆಯು ಪ್ರತಿಯೊಂದು ತರಗತಿಯಲ್ಲಿಯೂ ಪ್ರತಿದಿನವೂ ಸದ್ದಿಲ್ಲದೆ ನಡೆಯುತ್ತಿರುವುದು. ಉಪಾಧ್ಯಾಯರು ಬಾಯಿಲೆಕ್ಕವೊಂದನ್ನು ಕೇಳುವರು. ಥಟ್ಟನೆ ಕೈಯೆತ್ತಿದ ಹುಡುಗನು ಜಾಣನೆನಿಸಿಕೊಳ್ಳುವನು. ಒಗಟೊಂದನ್ನು ಒಡ್ಡುವರು, ಮೊದಲು ಬಿಡಿಸಿದ ಹುಡುಗಿಯು ಬುದ್ಧಿವಂತೆಯಾಗುವಳು. ಹತ್ತು ಪದಗಳನ್ನು ಓದಿ ಹೇಳಿ, ಎಷ್ಟು ನೆನಪಿವೆಯೆಂದು ವಿಚಾರಿಸುವರು. ಮೂರಕ್ಕೇ ನಿಂತುಹೋದ ಮಗುವಿನ ತಲೆ ಮಂದವೆಂಬ ಅಭಿಪ್ರಾಯವು ಅವರ ಮನಸ್ಸಿನಲ್ಲಿ ತಾನಾಗಿಯೇ ಮೂಡುವುದು. ಇದಕ್ಕೆ ಅಂಕಪಟ್ಟಿಯಿಲ್ಲ, ಮರುಪರೀಕ್ಷೆಯೂ ಇಲ್ಲ. ಜೂನ್ ತಿಂಗಳಲ್ಲಿ ಹುಟ್ಟಿದ ತೀರ್ಪು ಮುಂದಿನ ಮಾರ್ಚಿಯವರೆಗೂ ನಿಲ್ಲುವುದುಂಟು; ಕೆಲವು ವೇಳೆ ಅಣ್ಣನಿಂದ ತಮ್ಮನಿಗೂ ಬಳುವಳಿಯಾಗಿ ಬರುವುದುಂಟು.

ಉಪಾಧ್ಯಾಯರನ್ನು ದೂರುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ನಲವತ್ತು ಮಕ್ಕಳನ್ನು ಒಟ್ಟಿಗೆ ನಡೆಸಿಕೊಂಡು ಹೋಗಬೇಕಾದವರು ಯಾರಿಗೆ ಯಾವುದು ತಿಳಿಯುತ್ತದೆಂದು ಅಂದಾಜು ಮಾಡದೆ ಪಾಠ ಹೇಳಲಾರರು. ಮನೆಯಲ್ಲಿ ನಾವು ಮಾಡುವುದೂ ಅದನ್ನೇ ಅಲ್ಲವೆ? "ದೊಡ್ಡವನು ಚುರುಕು, ಚಿಕ್ಕವನು ಸ್ವಲ್ಪ ನಿಧಾನ" ಎಂದು ಬಂದ ನೆಂಟರ ಮುಂದೆ, ಮಕ್ಕಳ ಎದುರಿನಲ್ಲಿಯೇ ಹೇಳದ ಮನೆ ಅಪರೂಪ. ಆದರೆ ಈ ಅಂದಾಜು ನಿಜವಾಗಿ ಅಳೆಯುವುದು ಏನನ್ನು? ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು? ಒಂದು ಮಗುವಿನ ಮುಂದಿನ ಬಾಳು ಇದನ್ನು ಅವಲಂಬಿಸಿರುವುದರಿಂದ ಗೃಹಸ್ಥರು ಈ ವಿಷಯವನ್ನು ತುಸು ವಿವರವಾಗಿ ತಿಳಿಯುವುದು ಯುಕ್ತವು.

ಅಳತೆಗೋಲು ಹುಟ್ಟಿದ ಬಗೆ

ಬುದ್ಧಿಯನ್ನು ಅಳೆಯುವ ಶಾಸ್ತ್ರೀಯ ಪ್ರಯತ್ನವು ಪ್ರಾರಂಭವಾದದ್ದೇ ತರಗತಿಯ ಅಂದಾಜಿನ ಮೇಲಿನ ಅಪನಂಬಿಕೆಯಿಂದ. ಫ್ರಾನ್ಸ್ ದೇಶದಲ್ಲಿ ಶಿಕ್ಷಣವು ಎಲ್ಲ ಮಕ್ಕಳಿಗೂ ಕಡ್ಡಾಯವಾದ ಮೇಲೆ, ಸಾಮಾನ್ಯ ಪಾಠಕ್ರಮವನ್ನು ಅನುಸರಿಸಲಾರದ ಮಕ್ಕಳಿಗೆ ಪ್ರತ್ಯೇಕ ತರಗತಿಗಳನ್ನು ಏರ್ಪಡಿಸಬೇಕೆಂಬ ಯೋಚನೆ ಬಂದಿತು. ೧೯೦೪ರಲ್ಲಿ ಸರ್ಕಾರವು ಇದಕ್ಕಾಗಿ ಒಂದು ಸಮಿತಿಯನ್ನು ನೇಮಿಸಿತು. ಅಂತಹ ಮಕ್ಕಳನ್ನು ಆರಿಸುವವರಾರು? ಉಪಾಧ್ಯಾಯರಿಗೇ ಬಿಟ್ಟರೆ ತುಂಟ ಹುಡುಗನೂ, ಸೋಮಾರಿಯೂ, ಮಾತನಾಡಲು ನಾಚುವವನೂ ದಡ್ಡರ ಪಟ್ಟಿಗೆ ಸೇರಿಬಿಡುವ ಅಪಾಯವಿತ್ತು. ಆಗ ಆಲ್ಫ್ರೆಡ್ ಬಿನೆ ಎಂಬ ಮನಶ್ಶಾಸ್ತ್ರಜ್ಞರು ಥಿಯೊಡೋರ್ ಸಿಮೋನ್ ಎಂಬ ವೈದ್ಯರೊಡಗೂಡಿ, ೧೯೦೫ರಲ್ಲಿ ಮೂವತ್ತು ಪ್ರಶ್ನೆಗಳ ಒಂದು ಮಾಲೆಯನ್ನು ಪ್ರಕಟಿಸಿದರು. ೧೯೦೮ರಲ್ಲಿ ಅದನ್ನು ತಿದ್ದಿ, ವಯಸ್ಸಿಗೆ ತಕ್ಕಂತೆ ಪ್ರಶ್ನೆಗಳನ್ನು ವಿಂಗಡಿಸಿದರು.

ಆ ಪ್ರಶ್ನೆಗಳು ಬಹಳ ಸರಳವಾದುವು. ಮೂರು ವರ್ಷದ ಮಗುವು ಮೂಗು, ಕಣ್ಣು, ಬಾಯಿಗಳನ್ನು ಮುಟ್ಟಿ ತೋರಿಸಬೇಕು. ಎರಡು ಅಂಕಿಗಳನ್ನು ಕೇಳಿ ಹಾಗೆಯೇ ಹೇಳಬೇಕು. ನಾಲ್ಕು ವರ್ಷದ್ದು ಎರಡು ಗೆರೆಗಳಲ್ಲಿ ಉದ್ದವಾದುದನ್ನು ಗುರುತಿಸಬೇಕು. ಐದು ವರ್ಷದ್ದು ಎರಡು ತೂಕಗಳನ್ನು ಕೈಯಲ್ಲಿ ಹಿಡಿದು ಭಾರವಾದುದು ಯಾವುದೆಂದು ಹೇಳಬೇಕು. ಚೌಕವನ್ನು ನೋಡಿ ಬರೆಯಬೇಕು. ಏಳು ವರ್ಷದ ಮಗುವು ಚಿತ್ರದಲ್ಲಿ ಬಿಟ್ಟುಹೋಗಿರುವ ಭಾಗ ಯಾವುದೆಂದು ಕಂಡುಹಿಡಿಯಬೇಕು. ಇವೆಲ್ಲವೂ ಓದುಬರಹವಿಲ್ಲದೆಯೂ ಬರಬಹುದಾದ ಸಂಗತಿಗಳೆಂಬುದನ್ನು ಗಮನಿಸಬೇಕು. ಪರೀಕ್ಷಕನು ಒಂದು ಬಾರಿಗೆ ಒಂದೇ ಮಗುವನ್ನು ಕೂರಿಸಿಕೊಂಡು, ಸ್ನೇಹದಿಂದ ಮಾತನಾಡಿಸಿ, ಅದರ ಸಂಕೋಚವನ್ನು ಕಳೆದ ಮೇಲೆಯೇ ಪ್ರಶ್ನೆಗೆ ತೊಡಗಬೇಕೆಂಬುದು ಈ ಪದ್ಧತಿಯ ನಿಯಮ.

ಬಿನೆ ಅವರ ಉದ್ದೇಶವನ್ನು ನಾವು ಮರೆಯಬಾರದು. ಯಾವ ಮಗುವಿಗೆ ಹೆಚ್ಚಿನ ಸಹಾಯ ಬೇಕೆಂದು ತಿಳಿಯುವುದಕ್ಕಾಗಿ ಅವರು ಈ ಸಾಧನವನ್ನು ಸಿದ್ಧಗೊಳಿಸಿದರು. ಬುದ್ಧಿಯು ಹುಟ್ಟಿನಿಂದ ಗೊತ್ತಾದ ಒಂದು ಮೊತ್ತ, ಅದನ್ನು ಹೆಚ್ಚಿಸಲಾಗದು ಎಂಬ ಮಾತನ್ನು ೧೯೦೯ರಲ್ಲಿ ಬರೆದ ಪುಸ್ತಕದಲ್ಲಿ ಅವರು ಬಲವಾಗಿ ಖಂಡಿಸಿದರು. ಹಿಂದುಳಿದ ಮಕ್ಕಳ ತರಗತಿಗಳಿಗಾಗಿ ಮನಸ್ಸಿನ ವ್ಯಾಯಾಮಗಳನ್ನೂ ಸೂಚಿಸಿದರು: ವಿಗ್ರಹದಂತೆ ಅಲುಗಾಡದೆ ನಿಲ್ಲುವ ಆಟ, ಕೆಲವು ವಸ್ತುಗಳನ್ನು ಕ್ಷಣಕಾಲ ತೋರಿಸಿ ಮುಚ್ಚಿ ಅವುಗಳ ಹೆಸರನ್ನು ನೆನಪಿನಿಂದ ಬರೆಯಿಸುವ ಆಟ, ಇತ್ಯಾದಿ. ಮೊದಲು ಕಲಿಯುವುದನ್ನು ಕಲಿಯಲಿ, ಪಾಠವು ಆಮೇಲೆ ತಾನಾಗಿ ಬರುವುದು ಎಂಬುದು ಅವರ ಅಭಿಪ್ರಾಯವಾಗಿದ್ದಿತು.

ಈ ಸಾಧನವು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕವನ್ನು ಸೇರಿದೊಡನೆ ಅದರ ಸ್ವರೂಪವೇ ಬದಲಾಯಿತು. ೧೯೧೨ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್ ಅವರು, ಮಗುವಿನ ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಬೇಕೆಂದು ಸೂಚಿಸಿದ್ದರು. ೧೯೧೬ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೂಯಿಸ್ ಟರ್ಮನ್ ಅವರು ಬಂದ ಲಬ್ಧವನ್ನು ನೂರರಿಂದ ಗುಣಿಸಿ 'ಬುದ್ಧ್ಯಂಕ' ಎಂಬುದನ್ನು ಬಳಕೆಗೆ ತಂದರು. ಮೊದಲನೆಯ ಮಹಾಯುದ್ಧದಲ್ಲಿ ಸುಮಾರು ೧೭ ಲಕ್ಷ ಮಂದಿ ಸಿಪಾಯಿಗಳನ್ನು ಗುಂಪುಗುಂಪಾಗಿ ಕೂರಿಸಿ ಪರೀಕ್ಷಿಸಿದರು. ಆ ಅಂಕಗಳನ್ನು ಆಧಾರವಾಗಿಟ್ಟುಕೊಂಡು, ಇಂತಿಂತಹ ದೇಶದಿಂದ ಬಂದವರು ಹುಟ್ಟಿನಿಂದಲೇ ಬುದ್ಧಿಯಲ್ಲಿ ಕಡಮೆಯೆಂದು ೧೯೨೩ರಲ್ಲಿ ಪುಸ್ತಕ ಬರೆದ ಕಾರ್ಲ್ ಬ್ರಿಗ್‌ಹ್ಯಾಂ ಎಂಬ ವಿದ್ವಾಂಸರು, ೧೯೩೦ರಲ್ಲಿ ತಮ್ಮ ತೀರ್ಮಾನಕ್ಕೆ ಆಧಾರವಿಲ್ಲವೆಂದು ತಾವೇ ಒಪ್ಪಿಕೊಳ್ಳಬೇಕಾಯಿತು. ಇಂಗ್ಲಿಷ್ ಬಾರದವರನ್ನು ಅಮೆರಿಕದ ಬಳಕೆಯ ವಸ್ತುಗಳ ವಿಷಯದಲ್ಲಿ ಪ್ರಶ್ನಿಸಿದರೆ ಇನ್ನೇನಾದೀತು?

ಕನ್ನಡ ನಾಡಿಗೆ ಬಂದುದು

ನಮ್ಮ ನಾಡಿನಲ್ಲಿಯೂ ಈ ಶಾಸ್ತ್ರಕ್ಕೆ ನೂರು ವರ್ಷಗಳ ಚರಿತ್ರೆಯುಂಟು. ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು ಪ್ರಾರಂಭವಾಯಿತು. ಅದರ ಮುಖ್ಯಸ್ಥರಾದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿದವರು. ಎಲ್ಲ ಬಗೆಯ ಬುದ್ಧಿಯ ಕೆಲಸಗಳ ಹಿಂದೆಯೂ ಒಂದು ಸಾಮಾನ್ಯ ಶಕ್ತಿಯಿದೆಯೆಂದು ೧೯೦೪ರಲ್ಲಿ ಪ್ರತಿಪಾದಿಸಿದವರೇ ಈ ಸ್ಪಿಯರ್‌ಮನ್. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ 'ಆಕಾಶವಾಣಿ'ಯನ್ನು ಪ್ರಾರಂಭಿಸಿದವರೆಂದು ಗೋಪಾಲಸ್ವಾಮಿಯವರ ಹೆಸರು ನಮ್ಮ ಓದುಗರಿಗೆ ಪರಿಚಿತವಾಗಿರಬಹುದು.

ಇದೇ ಕಾಲದಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ವಿ. ವಿ. ಕಾಮತ್ ಅವರು ಇನ್ನೂ ಪ್ರತ್ಯಕ್ಷವಾದ ಕೆಲಸಕ್ಕೆ ಕೈಹಾಕಿದರು. ಬಿನೆ ಅವರ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿ, ೧೯೩೪ರಲ್ಲಿ ಇಂಗ್ಲೆಂಡಿನ ಒಂದು ಶಿಕ್ಷಣ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಅದರ ವಿವರವನ್ನು ಪ್ರಕಟಿಸಿದರು. ೧೯೪೦ರಲ್ಲಿ ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಪುಸ್ತಕ ಹೊರಬಂದಿತು. 'ಬಿನೆ-ಕಾಮತ್ ಪರೀಕ್ಷೆ' ಎಂಬ ಹೆಸರಿನಿಂದ ಅದು ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿಯೂ ಮಕ್ಕಳ ಮಾರ್ಗದರ್ಶನ ಕೇಂದ್ರಗಳಲ್ಲಿಯೂ ಬಳಕೆಯಲ್ಲಿರುವುದು. ಕನ್ನಡ ಮಕ್ಕಳ ಉತ್ತರಗಳಿಂದ ರೂಪುಗೊಂಡ ಒಂದು ಸಾಧನವು ದೇಶಕ್ಕೆಲ್ಲ ಉಪಯೋಗವಾಗುತ್ತಿರುವುದು ನಮಗೆ ಸಂತೋಷದ ಸಂಗತಿ.

ಇದು ಬರಿಯ ಭಾಷಾಂತರದ ಕೆಲಸವಾಗಿರಲಿಲ್ಲವೆಂಬುದನ್ನು ಊಹಿಸಬಹುದು. ಪ್ಯಾರಿಸಿನ ನಾಣ್ಯವನ್ನು ಧಾರವಾಡದ ಮಗು ಕಂಡಿರಲಾರದು. ಒಂದು ಭಾಷೆಯಲ್ಲಿ ಎಳೆಯ ಮಗುವಿಗೂ ಬರುವ ಶಬ್ದವು ಇನ್ನೊಂದರಲ್ಲಿ ಪಂಡಿತರಿಗೆ ಮಾತ್ರ ಗೊತ್ತಿರಬಹುದು. ಆದಕಾರಣ ಪ್ರಶ್ನೆಗಳನ್ನು ಈ ನೆಲದ ಮಕ್ಕಳಿಗೇ ಕೇಳಿ ನೋಡಿ, ಯಾವ ವಯಸ್ಸಿನಲ್ಲಿ ಹೆಚ್ಚಿನ ಮಕ್ಕಳು ಯಾವುದಕ್ಕೆ ಉತ್ತರಿಸುವರೆಂದು ಹೊಸದಾಗಿ ನಿರ್ಣಯಿಸಬೇಕಾಗುವುದು. ಸರಿಯಾಗಿ ಅಳೆಯಬೇಕೆಂಬುವರಿಗೆ ಇಷ್ಟು ಶ್ರಮವುಂಟು. ತರಗತಿಯಲ್ಲಿ ಐದು ನಿಮಿಷದಲ್ಲಿ ಕೇಳುವ ಐದು ಪ್ರಶ್ನೆಗಳಿಗೆ ಇದರ ಹತ್ತರಲ್ಲೊಂದು ಆಧಾರವೂ ಇಲ್ಲ.

ಅಂಕದ ಅರ್ಥವೇನು?

ಬುದ್ಧ್ಯಂಕವೆಂಬುದರ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹತ್ತು ವರ್ಷದ ಹುಡುಗನು ಎಂಟು ವರ್ಷದವರ ಪ್ರಶ್ನೆಗಳವರೆಗೆ ಮಾತ್ರ ಉತ್ತರಿಸಿದರೆ ಎಂಟನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಅವನ ಅಂಕವು ೮೦. ಎಂಟು ವರ್ಷದ ಹುಡುಗಿಯು ಹತ್ತು ವರ್ಷದವರ ಪ್ರಶ್ನೆಗಳಿಗೆ ಉತ್ತರಿಸಿದರೆ ಅವಳ ಅಂಕವು ೧೨೫. ಈಗಿನ ಹೊಸ ಪರೀಕ್ಷೆಗಳಲ್ಲಿ ಈ ಭಾಗಾಕಾರವಿಲ್ಲ. ಸಮವಯಸ್ಕರ ಸರಾಸರಿಯನ್ನು ೧೦೦ ಎಂದಿಟ್ಟುಕೊಂಡು, ಮಗುವು ಆ ಸಾಲಿನಲ್ಲಿ ಎಲ್ಲಿ ನಿಂತಿದೆಯೆಂದು ನೋಡುವರು. ನೂರು ಮಕ್ಕಳಲ್ಲಿ ಸುಮಾರು ೬೮ ಮಂದಿ ೮೫ರಿಂದ ೧೧೫ರೊಳಗೆಯೇ ಇರುವರು. ಸುಮಾರು ೯೫ ಮಂದಿ ೭೦ರಿಂದ ೧೩೦ರೊಳಗೆ ಇರುವರು. ಎಂದರೆ ನಮ್ಮ ಮಕ್ಕಳಲ್ಲಿ ಬಹುಪಾಲು ಜಾಣರೂ ಅಲ್ಲ, ದಡ್ಡರೂ ಅಲ್ಲ, ಸಾಮಾನ್ಯರು. ತರಗತಿಯಲ್ಲಿ ಹಿಂದುಳಿದರೆಂದು ನಾವು ಕೊರಗುವ ಮಕ್ಕಳಲ್ಲಿ ಹೆಚ್ಚಿನವರು ಈ ಸಾಮಾನ್ಯರ ಗುಂಪಿಗೇ ಸೇರಿದವರು.

ಇನ್ನೊಂದು ಸಂಗತಿ: ಈ ಅಂಕವು ಬಂಗಾರದ ತಕ್ಕಡಿಯ ತೂಕದಂತೆ ಖಚಿತವಾದುದಲ್ಲ. ಅದೇ ಮಗುವು ಬೇರೊಂದು ದಿನ ಕುಳಿತರೆ ಐದಾರು ಅಂಕಗಳು ಹೆಚ್ಚು ಕಡಮೆಯಾಗಬಹುದು. ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ, ಜ್ವರದಿಂದ ಎದ್ದಿದ್ದರೆ, ಎದುರಿಗೆ ಕುಳಿತವರು ಅಪರಿಚಿತರಾಗಿದ್ದರೆ ಉತ್ತರಗಳು ಕುಗ್ಗುವುವು. ತಲೆಮಾರಿನಿಂದ ತಲೆಮಾರಿಗೂ ಅಂಕಗಳು ಏರುತ್ತ ಬಂದಿರುವುದನ್ನು ಜೇಮ್ಸ್ ಫ್ಲಿನ್ ಎಂಬ ವಿದ್ವಾಂಸರು ೧೯೮೭ರಲ್ಲಿ ಹದಿನಾಲ್ಕು ದೇಶಗಳ ಅಂಕಿಗಳನ್ನು ಕಲೆಹಾಕಿ ತೋರಿಸಿದರು. ವಿಶೇಷವೆಂದರೆ, ಶಾಲೆಯ ಸಂಸ್ಕಾರಕ್ಕೆ ಸಂಬಂಧವಿಲ್ಲದುವೆಂದು ನಂಬಿದ್ದ ಆಕೃತಿಗಳ ಪರೀಕ್ಷೆಗಳಲ್ಲಿಯೇ ಈ ಏರಿಕೆಯು ಬಹಳವಾಗಿ ಕಂಡಿತು. ಒಂದೆರಡು ತಲೆಮಾರಿನೊಳಗೆ ಮನುಷ್ಯರ ರಕ್ತವು ಬದಲಾಗದು; ಬದಲಾದುದು ಅವರ ಊಟ, ಆರೋಗ್ಯ, ಓದು, ಕೆಲಸ, ಬೆಳೆಯುವ ವಾತಾವರಣ.

ಮಲೆನಾಡಿನ ಮಗುವಿನ ಮುಂದೆ ಈ ಪ್ರಶ್ನೆಗಳು

ಇನ್ನು ಸೊರಬ ತಾಲ್ಲೂಕಿನ ಹೊಸಬಾಳೆಯಂತಹ ಒಂದು ಹಳ್ಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿಚಾರ ಮಾಡೋಣ. ಗದ್ದೆ, ತೋಟ, ಕಾಡುಗಳ ನಡುವೆ ಬೆಳೆಯುವ ಮಗುವು ಪುಸ್ತಕ ಹಿಡಿಯುವ ಮೊದಲೇ ಎಷ್ಟೋ ವಿದ್ಯೆಗಳನ್ನು ಕಲಿತಿರುತ್ತದೆ. ಮನೆಯಂಗಳದಲ್ಲಿ ಅಡಿಕೆಯನ್ನು ಹರಡಿಕೊಂಡು ಹಿರಿಯರು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತು ತಾನೂ ಕೈಯಾಡಿಸುವ ಹುಡುಗಿಯನ್ನು ನೋಡಿರಿ. ಬಣ್ಣ, ಗಾತ್ರ, ಒಡಕು, ಹೊಳಪು ಎಂಬ ನಾಲ್ಕಾರು ಗುಣಗಳನ್ನು ಒಟ್ಟಿಗೆ ಗಮನಿಸಿ ಕ್ಷಣದಲ್ಲಿ ತೀರ್ಮಾನಿಸುವ ಕೆಲಸವದು. ಬುದ್ಧಿಪರೀಕ್ಷೆಯ ಪುಸ್ತಕಗಳಲ್ಲಿ 'ವರ್ಗೀಕರಣ' ಎಂದು ಕರೆಯುವುದು ಇದನ್ನೇ. ಆದರೆ ತರಗತಿಯಲ್ಲಿ ಅಡಿಕೆಯನ್ನು ಕುರಿತು ಯಾರೂ ಕೇಳರು.

ತರಗತಿಯಲ್ಲಿ ಕೇಳುವುದು ಹೀಗೆ: "ಕತ್ತಿ, ಕೊಡಲಿ, ಗರಗಸ, ಕಟ್ಟಿಗೆ, ಇವುಗಳಲ್ಲಿ ಗುಂಪಿಗೆ ಸೇರದುದು ಯಾವುದು?" ಕಟ್ಟಿಗೆಯೆಂಬುದೇ ಸರಿಯುತ್ತರ, ಏಕೆಂದರೆ ಉಳಿದವು ಉಪಕರಣಗಳು. ಆದರೆ ದಿನವೂ ಬೆಟ್ಟಕ್ಕೆ ಹೋಗಿ ಬರುವ ಮನೆಯ ಹುಡುಗನು, "ಎಲ್ಲಾ ಸೇರುತ್ತೆ ಮೇಷ್ಟ್ರೇ, ಕಟ್ಟಿಗೆ ಇಲ್ದಿದ್ರೆ ಕೊಡಲಿ ಯಾಕೆ?" ಎಂದಾನು. ಅವನು ದಡ್ಡನೆ? ೧೯೩೧-೩೨ರಲ್ಲಿ ರಷ್ಯದ ಅಲೆಕ್ಸಾಂಡರ್ ಲೂರಿಯ ಎಂಬ ಮನಶ್ಶಾಸ್ತ್ರಜ್ಞರು ಉಜ್ಬೆಕಿಸ್ತಾನದ ಓದುಬರಹವಿಲ್ಲದ ಒಕ್ಕಲಿಗರಿಗೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿಗಳನ್ನು ತೋರಿಸಿ ಇಂತಹುದೇ ಪ್ರಶ್ನೆಯನ್ನು ಕೇಳಿದರು. ಎಲ್ಲವೂ ಬೇಕು, ದಿಮ್ಮಿಯಿಲ್ಲದೆ ಗರಗಸಕ್ಕೆ ಕೆಲಸವೇನು ಎಂಬ ಭಾವದ ಉತ್ತರವೇ ಬಂದಿತು. ಕೆಲಸಮಾಡುವವನು ವಸ್ತುಗಳನ್ನು ಕೆಲಸದಿಂದ ಜೋಡಿಸುವನು; ಶಾಲೆಗೆ ಹೋದವನು ಹೆಸರಿನಿಂದ, ಜಾತಿಯಿಂದ ಜೋಡಿಸುವನು. ಸ್ವಲ್ಪ ಕಾಲ ಶಾಲೆಯಲ್ಲಿ ಕಲಿತವರು ಎರಡನೆಯ ರೀತಿಯ ಉತ್ತರವನ್ನು ಸುಲಭವಾಗಿ ಕೊಟ್ಟರೆಂಬುದೂ ಅದೇ ಶೋಧನೆಯಿಂದ ತಿಳಿದುಬಂದಿತು. ಎಂದಮೇಲೆ ಆ ಪ್ರಶ್ನೆಯು ಅಳೆದುದು ಶಾಲೆಯ ರೂಢಿಯನ್ನು.

ಭಾಷೆಯ ತೊಡಕು ಇದಕ್ಕಿಂತಲೂ ದೊಡ್ಡದು. ಶಿಕಾರಿಪುರ ತಾಲ್ಲೂಕಿನ ತಾಂಡಾಗಳ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುವರು. ಎಷ್ಟೋ ಮನೆಗಳಲ್ಲಿ ಉರ್ದು ನಡೆಯುವುದು. ಕನ್ನಡದ ಮನೆಗಳಲ್ಲಿಯೂ ಹವ್ಯಕರ ಮಾತು ಒಂದು ಬಗೆ, ದೀವರ ಮಾತು ಇನ್ನೊಂದು ಬಗೆ. ಪುಸ್ತಕದ ಕನ್ನಡವು ಇವೆರಡಕ್ಕಿಂತಲೂ ಬೇರೆ. ಒಂದನೆಯ ತರಗತಿಗೆ ಬಂದ ಲಂಬಾಣಿ ಮಗುವು ಪ್ರಶ್ನೆಯನ್ನು ಕೇಳಿ, ಮನಸ್ಸಿನಲ್ಲಿ ಅದನ್ನು ತನ್ನ ನುಡಿಗೆ ತಿರುಗಿಸಿ, ಉತ್ತರವನ್ನು ಯೋಚಿಸಿ, ಮತ್ತೆ ಅದನ್ನು ಕನ್ನಡಕ್ಕೆ ತಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮಗು ಕೈಯೆತ್ತಿ ಆಗಿರುತ್ತದೆ. ಮೂರು ಪಟ್ಟು ಕೆಲಸ ಮಾಡಿದ ತಲೆಗೆ 'ಮಂದ' ಎಂಬ ಬಿರುದು ದೊರೆಯುವುದು. ಇದಕ್ಕಿಂತ ಅನ್ಯಾಯವುಂಟೆ?

ಮಾತಿಲ್ಲದ ಪ್ರಶ್ನೆಗಳಾದರೆ ಈ ಅನ್ಯಾಯ ತಪ್ಪೀತೆಂದು ಕೆಲವರು ಹೇಳುವರು. ಅದರಲ್ಲಿ ಸ್ವಲ್ಪ ನಿಜವಿದೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ರೂಪುಗೊಂಡ ಜವಾಹರ ನವೋದಯ ವಿದ್ಯಾಲಯಗಳನ್ನು ಓದುಗರು ಬಲ್ಲರು. ಶಿವಮೊಗ್ಗ ಜಿಲ್ಲೆಯದು ಗಾಜನೂರಿನಲ್ಲಿದೆ. ಆರನೆಯ ತರಗತಿಗೆ ಸೇರಬಯಸಿ ಐದನೆಯ ತರಗತಿಯ ಮಕ್ಕಳು ಬರೆಯುವ ಅದರ ಪ್ರವೇಶಪರೀಕ್ಷೆಯ ೮೦ ಪ್ರಶ್ನೆಗಳಲ್ಲಿ ೪೦ ಪ್ರಶ್ನೆಗಳು, ೧೦೦ ಅಂಕಗಳಲ್ಲಿ ೫೦ ಅಂಕಗಳು, ಮಾನಸಿಕ ಸಾಮರ್ಥ್ಯಕ್ಕೆ ಮೀಸಲು. ಗುಂಪಿಗೆ ಸೇರದ ಚಿತ್ರವನ್ನು ಆರಿಸುವುದು, ಅರ್ಧ ಬರೆದ ವಿನ್ಯಾಸವನ್ನು ತುಂಬುವುದು, ಕನ್ನಡಿಯಲ್ಲಿ ಕಾಣುವ ರೂಪವನ್ನು ಹೇಳುವುದು, ದೊಡ್ಡ ಆಕೃತಿಯಲ್ಲಿ ಅಡಗಿದ ಸಣ್ಣದನ್ನು ಹುಡುಕುವುದು ಇವೇ ಆ ಪ್ರಶ್ನೆಗಳು. ಪ್ರತಿ ವಿದ್ಯಾಲಯದಲ್ಲಿಯೂ ಮುಕ್ಕಾಲುಪಾಲಿಗೆ ಕಡಮೆಯಿಲ್ಲದಂತೆ ಸ್ಥಾನಗಳು ಗ್ರಾಮಾಂತರದ ಮಕ್ಕಳಿಗೆ ಸಲ್ಲುವುದರಿಂದ ಹಳ್ಳಿಯ ಮನೆಗಳಿಗೆ ಇದು ಚಿಕ್ಕ ವಿಷಯವಲ್ಲ.

ಈಗ ಸೊರಬ-ಸಾಗರ ಸೀಮೆಯ ದೀವರ ಮನೆಗಳ ಹಸೆಚಿತ್ತಾರವನ್ನು ನೆನೆಯಿರಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಯ ಗೆರೆಗಳನ್ನು ಎಳೆಯುವ ತಾಯಂದಿರು ಯಾವ ಅಳತೆಪಟ್ಟಿಯನ್ನೂ ಹಿಡಿದವರಲ್ಲ. ಗೆರೆಯ ಪಕ್ಕಕ್ಕೆ ಗೆರೆ, ಕೋನಕ್ಕೆ ಕೋನ, ಎಡಕ್ಕೆ ಇದ್ದಂತೆ ಬಲಕ್ಕೆ. ಒಂದು ಕಡೆ ಎಣಿಕೆ ತಪ್ಪಿದರೆ ಇಡೀ ಹಸೆ ಕೆಡುವುದು. ಪ್ರವೇಶಪರೀಕ್ಷೆಯಲ್ಲಿ ವಿನ್ಯಾಸವನ್ನು ಪೂರ್ಣಗೊಳಿಸಲಾರದೆ ಕಣ್ಣೀರಿಡುವ ಹುಡುಗಿಯ ಅಜ್ಜಿಯೇ ಇದನ್ನು ಬರೆಯುವವಳಿರಬಹುದು. ಅಜ್ಜಿಯ ಪಕ್ಕದಲ್ಲಿ ಕುಂಚ ಹಿಡಿದು ಕುಳಿತ ಮೊಮ್ಮಗಳಿಗೆ ಕಾಗದದ ಮೇಲಿನ ಆ ಚೌಕಗಳು ಅಷ್ಟು ಅಪರಿಚಿತವಾಗಿ ಕಾಣಲಾರವು. ಅಂಗಳದಲ್ಲಿ ಚುಕ್ಕೆಯಿಟ್ಟು ರಂಗವಲ್ಲಿ ಹಾಕುವ ಎಲ್ಲ ಮನೆಗಳಿಗೂ ಈ ಮಾತು ಸಲ್ಲುವುದು. ಆಕೃತಿಯ ಬುದ್ಧಿಯೂ ಅಭ್ಯಾಸದಿಂದ ಬೆಳೆಯತಕ್ಕದ್ದು. ಅಭ್ಯಾಸದ ಸಾಧನವು ನಮ್ಮ ಮನೆಯಲ್ಲಿಯೇ ಇರುವುದು.

ನಿರೀಕ್ಷೆಯ ಬಲ

ತಪ್ಪು ಅಂದಾಜು ಬರಿಯ ಅಂದಾಜಾಗಿ ಉಳಿಯುವುದಾದರೆ ಇಷ್ಟು ಚಿಂತಿಸಬೇಕಾಗಿರಲಿಲ್ಲ. ಅದು ತನ್ನನ್ನು ತಾನೇ ನಿಜಮಾಡಿಕೊಳ್ಳುವ ಸಂಭವವುಂಟು. ಅಮೆರಿಕದ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಎಂಬವರು ಒಂದು ಪ್ರಾಥಮಿಕ ಶಾಲೆಯಲ್ಲಿ ನಡೆಸಿ ೧೯೬೮ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಮಕ್ಕಳಿಗೆಲ್ಲ ಒಂದು ಬುದ್ಧಿಪರೀಕ್ಷೆಯನ್ನು ಕೊಟ್ಟು, ಪ್ರತಿ ತರಗತಿಯಲ್ಲಿಯೂ ಸುಮಾರು ಐದರಲ್ಲೊಂದು ಪಾಲು ಮಕ್ಕಳನ್ನು ಹೆಸರಿಸಿ, "ಇವರು ಈ ವರ್ಷ ವಿಶೇಷವಾಗಿ ಮುಂದುವರಿಯುವರು" ಎಂದು ಉಪಾಧ್ಯಾಯರಿಗೆ ತಿಳಿಸಿದರು. ವಾಸ್ತವದಲ್ಲಿ ಆ ಹೆಸರುಗಳನ್ನು ಚೀಟಿಯೆತ್ತಿದಂತೆ ಯದೃಚ್ಛೆಯಾಗಿ ಆರಿಸಿದ್ದರು. ವರ್ಷದ ಕೊನೆಗೆ ನೋಡಿದರೆ, ಮುಖ್ಯವಾಗಿ ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ, ಹೆಸರಿಸಿದ ಮಕ್ಕಳ ಅಂಕಗಳು ಇತರರಿಗಿಂತ ಹೆಚ್ಚಾಗಿ ಏರಿದ್ದುವು.

ಈ ಪ್ರಯೋಗದ ವಿಧಾನವನ್ನು ಟೀಕಿಸಿದವರೂ ಇದ್ದಾರೆ. ಅಲ್ಲಿ ಕಂಡಷ್ಟು ದೊಡ್ಡ ಪರಿಣಾಮವು ಮುಂದಿನ ಶೋಧನೆಗಳಲ್ಲಿ ಕಾಣಲಿಲ್ಲ. ಆದರೂ ಉಪಾಧ್ಯಾಯರ ನಿರೀಕ್ಷೆಯು ಮಗುವಿನ ಮೇಲೆ ಸ್ವಲ್ಪವಾದರೂ ಕೆಲಸಮಾಡುವುದೆಂಬುದು ಒಪ್ಪಿತವಾದ ಸಂಗತಿ. ಅದು ಹೇಗೆಂಬುದನ್ನು ಊಹಿಸುವುದು ಕಷ್ಟವಲ್ಲ. ಜಾಣನೆಂದು ನಂಬಿದ ಹುಡುಗನು ತಪ್ಪು ಹೇಳಿದರೆ "ಇನ್ನೊಮ್ಮೆ ಯೋಚಿಸು" ಎಂದು ಕಾಯುವೆವು; ದಡ್ಡನೆಂದು ನಂಬಿದವನು ತಪ್ಪು ಹೇಳಿದರೆ "ಕೂತ್ಕೋ" ಎನ್ನುವೆವು. ಒಬ್ಬನಿಗೆ ಪ್ರಶ್ನೆಗಳು ಬರುತ್ತಲೇ ಇರುವುವು. ಇನ್ನೊಬ್ಬನಿಗೆ ಕ್ರಮೇಣ ನಿಂತುಹೋಗುವುವು. ನಾಲ್ಕು ವರ್ಷ ಹೀಗೆ ನಡೆದರೆ ಇಬ್ಬರ ನಡುವೆ ನಿಜವಾಗಿಯೂ ಅಂತರವುಂಟಾಗುವುದು. ಆಗ ನಮ್ಮ ಮೊದಲಿನ ಊಹೆಯೇ ಸರಿಯೆಂದು ನಾವು ತಲೆದೂಗುವೆವು.

ದಡ್ಡತನದಂತೆ ಕಾಣುವ ಬೇರೆ ಕಾರಣಗಳು

ಮಗುವು ನಿಜವಾಗಿಯೂ ಹಿಂದುಳಿದಿದ್ದರೆ, ಬುದ್ಧಿಯನ್ನು ದೂರುವ ಮೊದಲು ಪರೀಕ್ಷಿಸತಕ್ಕ ಸಂಗತಿಗಳು ಹಲವುಂಟು. ಮೊದಲನೆಯದು ಕಣ್ಣು. ಹಲಗೆಯ ಮೇಲಿನ ಅಕ್ಷರವು ಮಬ್ಬಾಗಿ ಕಾಣುವ ಮಗುವಿಗೆ, ಅಕ್ಷರವು ಎಲ್ಲರಿಗೂ ಹಾಗೆಯೇ ಕಾಣುವುದೆಂಬ ಭಾವನೆ ಇರುವುದು. ಅದು ತಾನಾಗಿ ಹೇಳದು. ಎರಡನೆಯದು ಕಿವಿ. ನೆಗಡಿಯಾಗಿ ಕಿವಿ ಸೋರುವ ಮಗುವಿಗೆ ಅರ್ಧ ಪಾಠವು ಕೇಳಿಸದಿರಬಹುದು. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂತಹ ಮಕ್ಕಳ ಪರೀಕ್ಷೆ ಮತ್ತು ಚಿಕಿತ್ಸೆಗಾಗಿಯೂ ಕೆಲಸಮಾಡುತ್ತಿರುವುದು. ಮೂರನೆಯದು ಊಟ. ರಕ್ತದಲ್ಲಿ ಕಬ್ಬಿಣದ ಅಂಶವು ಕಡಮೆಯಾದ ಮಗುವು ಬೇಗ ಆಯಾಸಗೊಳ್ಳುವುದು, ಗಮನವಿಡಲಾರದು. ಗರ್ಭದಲ್ಲಿಯೂ ಎಳೆತನದಲ್ಲಿಯೂ ಅಯೋಡಿನ್ ಸಾಲದೆ ಹೋದರೆ ಬುದ್ಧಿಯ ಬೆಳವಣಿಗೆಯೇ ಕುಂಠಿತವಾಗುವುದು. ೨೦೧೩ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ನೋಡುವ ಏರ್ಪಾಡಿದೆ. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸುವುದು ತಂದೆತಾಯಿಗಳ ಕರ್ತವ್ಯವು.

ವಿದ್ಯೆಯೊಡನೆ ಅನ್ನವನ್ನೂ ಔಷಧವನ್ನೂ ಸೇರಿಸುವ ಬುದ್ಧಿಯು ಈ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವು, ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವಲ್ಲದೆ ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು ತಿಳಿಸುತ್ತದೆ.

ನಾಲ್ಕನೆಯ ಕಾರಣವು ಈಚೆಗೆ ಚೆನ್ನಾಗಿ ತಿಳಿದುಬಂದಿರುವುದು. ಕೆಲವು ಮಕ್ಕಳಿಗೆ ಮಾತು, ಯೋಚನೆ, ಲೋಕಜ್ಞಾನ ಎಲ್ಲವೂ ಸರಿಯಾಗಿದ್ದು, ಅಕ್ಷರಗಳನ್ನು ಕೂಡಿಸಿ ಓದುವುದೋ ಬರೆಯುವುದೋ ಲೆಕ್ಕ ಮಾಡುವುದೋ ಮಾತ್ರ ಅತಿ ಕಷ್ಟವಾಗುವುದು. ಇದನ್ನು ನಿರ್ದಿಷ್ಟ ಕಲಿಕಾ ನ್ಯೂನತೆಯೆನ್ನುವರು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇದನ್ನು ಮಾನ್ಯಮಾಡಿ, ಇಂತಹ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮವನ್ನು ಅನುಸರಿಸಬೇಕೆಂದು ವಿಧಿಸಿದೆ. ಸಕ್ರಮವಾದ ಬುದ್ಧಿಪರೀಕ್ಷೆಯು ನಿಜವಾಗಿ ಉಪಕಾರಮಾಡುವುದು ಇಲ್ಲಿಯೇ. ಓದಲಾರದ ಹುಡುಗನ ಬುದ್ಧ್ಯಂಕವು ಸಾಮಾನ್ಯರಂತೆಯೇ ಇದೆಯೆಂದು ತಜ್ಞರು ತೋರಿಸಿಕೊಟ್ಟಾಗ, ಎಷ್ಟೋ ವರ್ಷಗಳ ಬೈಗುಳದ ಭಾರವು ಒಂದೇ ದಿನದಲ್ಲಿ ಇಳಿಯುವುದು. ಬಿನೆ ಅವರು ಬಯಸಿದ್ದುದೂ ಇಂತಹ ಉಪಯೋಗವನ್ನೇ.

ಗೃಹಸ್ಥರು ಮಾಡಬಹುದಾದುದು

ಶಾಲೆಗೆ ಸೇರಿಸುವಾಗಲೇ ಪುಟ್ಟ ಮಗುವನ್ನು ಕೂರಿಸಿ ಪ್ರಶ್ನೆ ಕೇಳುವ ಪದ್ಧತಿಯು ಕೆಲವು ಕಡೆ ಬೆಳೆದಿತ್ತು. ೨೦೦೯ರ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯ ೧೩ನೆಯ ಪ್ರಕರಣವು ಪ್ರವೇಶಕಾಲದಲ್ಲಿ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಹೀಗೆ ಸೋಸಿ ಆರಿಸುವುದನ್ನು ನಿಷೇಧಿಸಿದೆ. ಮೊದಲನೆಯ ತಪ್ಪಿಗೆ ೨೫,೦೦೦ ರೂಪಾಯಿಗಳವರೆಗೆ, ಅನಂತರದ ಪ್ರತಿಯೊಂದಕ್ಕೂ ೫೦,೦೦೦ ರೂಪಾಯಿಗಳವರೆಗೆ ದಂಡವುಂಟು. ಈ ಸಂಗತಿಯು ಪ್ರತಿಯೊಬ್ಬ ತಂದೆತಾಯಿಗೂ ತಿಳಿದಿರಬೇಕು.

ತರಗತಿಯಲ್ಲಿ ಒಗಟು, ಬಾಯಿಲೆಕ್ಕ, ನೆನಪಿನ ಆಟಗಳು ಇರಬಾರದೆಂದು ನಾವು ಹೇಳುವುದಿಲ್ಲ, ಅವು ಇರಲೇಬೇಕು. ಅವುಗಳಿಲ್ಲದ ಪಾಠವು ಉಪ್ಪಿಲ್ಲದ ಅಡಿಗೆ. ಆದರೆ ಅವುಗಳನ್ನು ಆಟವಾಗಿಯೇ ನಡೆಸಬೇಕು. ಪ್ರಶ್ನೆ ಕೇಳಿದ ಮೇಲೆ ಎಲ್ಲರಿಗೂ ಯೋಚಿಸಲು ಸ್ವಲ್ಪ ಕಾಲ ಕೊಟ್ಟು, ಉತ್ತರವನ್ನು ಸ್ಲೇಟಿನ ಮೇಲೆ ಬರೆಯಿಸಿ ಒಟ್ಟಿಗೆ ಎತ್ತಿ ತೋರಿಸಲು ಹೇಳಿದರೆ, ಬೇಗ ಕೈಯೆತ್ತುವವರ ದರ್ಬಾರು ತಪ್ಪುವುದು. ತಪ್ಪುತ್ತರ ಬಂದಾಗ "ಹೀಗೆ ಯಾಕೆ ಹೇಳಿದೆ?" ಎಂದು ಕೇಳಿದರೆ ಕಟ್ಟಿಗೆ-ಕೊಡಲಿಯ ಹುಡುಗನಂತೆ ಎಷ್ಟೋ ಮಕ್ಕಳು ತಮ್ಮ ವಿವೇಕವನ್ನು ತೆರೆದು ತೋರಿಸುವರು. ಉತ್ತರಕ್ಕಿಂತ ಅದರ ಕಾರಣವು ಮಗುವಿನ ಬುದ್ಧಿ ಕೆಲಸಮಾಡುವ ರೀತಿಯನ್ನು ಹೆಚ್ಚಾಗಿ ತಿಳಿಸುತ್ತದೆ.

ಮನೆಯಲ್ಲಿ ಅಳಗುಳಿಮಣೆಯನ್ನು ಅಟ್ಟದಿಂದ ಕೆಳಗಿಳಿಸಿರಿ. ಹುಣಸೆಬೀಜಗಳನ್ನು ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುವುದೆಂದು ಮುಂದಾಗಿ ಎಣಿಸುವುದೂ, ಹುಲಿ-ಕುರಿ ಆಟದಲ್ಲಿ ಎರಡು ನಡೆಗಳ ಮುಂಚೆಯೇ ಅಪಾಯವನ್ನು ಕಾಣುವುದೂ ಒಳ್ಳೆಯ ಅಭ್ಯಾಸಗಳು. ಅಡುಗೆಮನೆಯಲ್ಲಿ ಐದು ಜನಕ್ಕೆ ಎರಡು ಪಾವು ಅಕ್ಕಿಯಾದರೆ ಹದಿನೈದು ಜನಕ್ಕೆಷ್ಟೆಂದು ಕೇಳಿರಿ. ಸಂತೆಗೆ ಕರೆದುಕೊಂಡು ಹೋಗಿ ಚಿಲ್ಲರೆಯನ್ನು ಎಣಿಸಲು ಬಿಡಿರಿ. ಅಜ್ಜಿಯ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ "ಮುಂದೇನಾಗಿರಬಹುದು?" ಎಂದು ಕೇಳಿರಿ. ಆದರೆ ಅಣ್ಣನ ಉತ್ತರವನ್ನು ತಮ್ಮನ ಉತ್ತರದೊಡನೆ ತೂಗಬೇಡಿರಿ. ಪ್ರತಿಯೊಂದು ಮಗುವನ್ನೂ ಅದರ ಕಳೆದ ತಿಂಗಳಿನ ಸ್ಥಿತಿಯೊಡನೆ ಮಾತ್ರ ಹೋಲಿಸಿರಿ.

ಮಗುವು ನಿಜವಾಗಿ ಕಷ್ಟಪಡುತ್ತಿದೆಯೆಂದು ತೋರಿದರೆ ಮುಚ್ಚಿಡಬಾರದು. ಉಪಾಧ್ಯಾಯರೊಡನೆ ಸಮಾಧಾನದಿಂದ ಮಾತನಾಡಿ, ಮೊದಲು ಕಣ್ಣು ಕಿವಿಗಳನ್ನು ತೋರಿಸಿ, ಆಮೇಲೆ ಅವಶ್ಯವಾದರೆ ಜಿಲ್ಲಾ ಆಸ್ಪತ್ರೆಯ ಮೂಲಕ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಅಲ್ಲಿ ದೊರೆತ ಅಂಕವನ್ನು ನೆರೆಹೊರೆಗೆ ಸಾರುವುದೂ ಬೇಡ, ಮಗುವಿಗೆ ಹೇಳಿ ಹಂಗಿಸುವುದೂ ಬೇಡ. ಮುಂದಿನ ಆರು ತಿಂಗಳು ಈ ಮಗುವಿಗೆ ಏನನ್ನು, ಹೇಗೆ, ಯಾರು ಕಲಿಸಬೇಕೆಂದು ಗೊತ್ತುಮಾಡಿಕೊಳ್ಳುವುದಕ್ಕೆ ಆ ಅಂಕವು ಉಪಯೋಗಿಸಲಿ. ಆರು ತಿಂಗಳಾದ ಮೇಲೆ ಮತ್ತೆ ನೋಡಿ, ಕಲಿಸಿದ ರೀತಿಯನ್ನು ತಿದ್ದಿಕೊಳ್ಳಬೇಕು.

ರೈತನು ಬಿತ್ತುವ ಮೊದಲು ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವನು. ಯಾವ ಗದ್ದೆಗೆ ಗೊಬ್ಬರ ಬೇಕು, ಯಾವುದಕ್ಕೆ ನೀರು ಬೇಕೆಂದು ತಿಳಿಯುವುದಕ್ಕಾಗಿ ಹಾಗೆ ನೋಡುವನೇ ಹೊರತು, ಗದ್ದೆಯನ್ನು ಬೈಯುವುದಕ್ಕಾಗಿ ಅಲ್ಲ. ಉಪಾಧ್ಯಾಯರೂ ತಂದೆತಾಯಿಗಳೂ ಮಕ್ಕಳ ಬುದ್ಧಿಯನ್ನು ಇಂತಹ ಮನಸ್ಸಿನಿಂದ ಪರೀಕ್ಷಿಸುವುದಾದರೆ, ಎಷ್ಟು ಬಾರಿ ಪರೀಕ್ಷಿಸಿದರೂ ಮಕ್ಕಳಿಗೆ ಒಳ್ಳೆಯದೇ ಆಗುವುದು.